ಅಕ್ಕನ ಲೈನು

ಆ ಊರಿನಲ್ಲಿ ಕೇಬಲ್ ಟಿವಿ ಕೊಡುವವರು ಇಬ್ಬರಿದ್ದರು, ಆದರೆ ಯಾವ ಮನೆಯವರನ್ನು ಕೇಳಿದರೂ ಇದ್ದವನು ಒಬ್ಬನೇ. ಊರನ್ನು ಸೀಳಿಕೊಂಡು ಹೋಗುವ ದೊಡ್ಡ ರಸ್ತೆಯ ಈಚೆಗೆಲ್ಲ ಒಬ್ಬ ಮಾಲೀಕ, ಆಚೆಗೆಲ್ಲ ಇನ್ನೊಬ್ಬ. ಆ ರಸ್ತೆಯನ್ನು ಕರೆಂಟಿನ ತಂತಿ ದಾಟುತ್ತಿತ್ತು, ಟೆಲಿಫೋನಿನ ತಂತಿ ದಾಟುತ್ತಿತ್ತು, ನಾಯಿ ಬೆಕ್ಕುಗಳು ದಾಟುತ್ತಿದ್ದವು. ಕೇಬಲ್ ಮಾತ್ರ ದಾಟುತ್ತಿರಲಿಲ್ಲ. ಯಾಕೆಂದು ಕೇಳಿದರೆ, ಅವರಿಬ್ಬರದು ಹಾವು ಮುಂಗುಸಿಯ ಸಂಬಂಧ, ಒಬ್ಬನ ತಂತಿ ಇನ್ನೊಬ್ಬನ ಕಡೆ ಹೋದರೆ ಹೆಣ ಬೀಳುತ್ತದೆ ಎಂದು ಜನ ದನಿ ತಗ್ಗಿಸಿ ಹೇಳುತ್ತಿದ್ದರು. ಹೆಣ ಬಿದ್ದದ್ದನ್ನು ನೋಡಿದವರು ಯಾರೂ ಇರಲಿಲ್ಲ. ಆದರೂ ನಂಬಿದ್ದರು, ನಂಬುವುದಕ್ಕೆ ಖರ್ಚೇನಿದೆ.

ಚಿತ್ರ ಕೆಡುವುದು ಊರಿಗೆ ಹೊಸದಲ್ಲ. ಧಾರಾವಾಹಿಯ ಸೊಸೆ ಇನ್ನೇನು ನಿಜ ಬಾಯಿಬಿಡಬೇಕು ಅನ್ನುವಾಗ ಪರದೆಯ ತುಂಬ ಇರುವೆ ಮುತ್ತಿದ ಹಾಗೆ ಆಗುತ್ತಿತ್ತು. ಫೋನ್ ಮಾಡಿದರೆ, ಲೈನ್‌ಮನ್ ಹೊರಟಿದ್ದಾನೆ ಎಂದು ಉತ್ತರ. ಎರಡನೇ ಸಲ ಮಾಡಿದರೂ ಅವನು ಹೊರಟೇ ಇರುತ್ತಿದ್ದ. ಮೂರನೇ ಸಲ ಮಾಡಿ ದನಿ ಏರಿಸಿದರೆ ಮಾಲೀಕನೇ ಫೋನ್ ತೆಗೆದುಕೊಂಡು, ಇಷ್ಟವಿಲ್ಲದಿದ್ದರೆ ಬೇರೆ ಕಡೆ ತೆಗೆದುಕೊಳ್ಳಿ ಸ್ವಾಮೀ, ನಾವೇನು ಕೈ ಹಿಡಿದು ಎಳೆದಿದ್ದೀವಾ ಎನ್ನುತ್ತಿದ್ದ. ಬೇರೆ ಕಡೆ ಎನ್ನುವುದು ಎಲ್ಲೂ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹೀಗೆ ಸದಾ ಹೊರಟೇ ಇರುತ್ತಿದ್ದ ಲೈನ್‌ಮನ್ನನ್ನು ಊರು ಕಂಬಣ್ಣ ಎಂದು ಕರೆಯುತ್ತಿತ್ತು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು, ಆದರೆ ಅರ್ಧ ಆಯುಸ್ಸನ್ನು ಕಂಬದ ಮೇಲೆ ಕಳೆದವನನ್ನು ಜನ ಇನ್ನೇನೆಂದು ಕರೆಯಬೇಕು. ಐವತ್ತು ದಾಟಿತ್ತು. ಮೊಣಕಾಲು ಮಾತಾಡಲು ಶುರುಮಾಡಿತ್ತು. ಕೆಲಸದಲ್ಲಿ ಮಾತ್ರ ಅಚ್ಚುಕಟ್ಟು. ಅವನು ಹಾಕಿದ ಜೋಡಣೆಯನ್ನು ಇನ್ನೊಬ್ಬ ಬಿಚ್ಚಬೇಕಾದರೆ ಬೆವರು ಸುರಿಸಬೇಕು. ಆ ಅಚ್ಚುಕಟ್ಟುತನವೇ ಅವನಿಗೆ ಮುಳುವಾಯಿತು.

ಅವನ ಅಕ್ಕ ಅದೇ ಆಫೀಸಿನಲ್ಲಿ ಫೋನಿನ ಮುಂದೆ ಕೂರುತ್ತಿದ್ದಳು. ತಾಯಿ ತೀರಿಕೊಂಡಾಗ ಕಂಬಣ್ಣನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಮೂಗು ಒರೆಸಿ, ಬೆನ್ನಿಗೆ ಎರಡು ಗುದ್ದಿ, ತನ್ನ ತಟ್ಟೆಯದನ್ನೂ ಅವನ ತಟ್ಟೆಗೆ ಸುರಿದು ದೊಡ್ಡವನನ್ನಾಗಿ ಮಾಡಿದವಳು ಅವಳು. ಅವಳ ಮದುವೆಯ ವಯಸ್ಸು ಆ ಗಡಿಬಿಡಿಯಲ್ಲಿ ಯಾವಾಗಲೋ ಕಳೆದುಹೋಯಿತು. ಅದನ್ನು ಅವಳು ಯಾವತ್ತೂ ಎತ್ತಿ ಆಡಿದವಳಲ್ಲ. ಕೇಬಲ್ ಆಫೀಸಿನಲ್ಲಿ ಜಾಗ ಖಾಲಿಯಾದಾಗ ಮಾಲೀಕನ ತಲೆ ತಿಂದು ತಮ್ಮನನ್ನು ಸೇರಿಸಿದವಳೂ ಅವಳೇ.

ಫೋನಿನಲ್ಲಿ ಹೇಳಬೇಕಾದದ್ದು ಒಂದೇ ವಾಕ್ಯ, ಲೈನ್‌ಮನ್ ಹೊರಟಿದ್ದಾನೆ. ಎದುರಿಗೆ ಬೆಂಚಿನ ಮೇಲೆ ತಮ್ಮ ಚಹಾ ಕುಡಿಯುತ್ತಿರುವಾಗಲೇ ಅದನ್ನು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಹೋಗಬೇಕೆಂದು ಕಂಬಣ್ಣನಿಗೂ ಅನ್ನಿಸುತ್ತಿತ್ತು, ಆದರೆ ಮಾಲೀಕ ಎರಡು ದೂರು ಇರುವ ಬೀದಿಗೆ ಆಳು ಕಳಿಸುವವನಲ್ಲ. ಹತ್ತು ಸೇರಲಿ, ಒಟ್ಟಿಗೆ ಹೋಗು ಎನ್ನುವವನು. ಒಂದು ದಿನ ನಿವೃತ್ತ ಮೇಷ್ಟರೊಬ್ಬರು ಫೋನ್ ಮಾಡಿದರು. ಅವರ ಹೆಂಡತಿ ಹಾಸಿಗೆ ಹಿಡಿದು ಮಲಗಿದ್ದಳು, ಟಿವಿಯೊಂದೇ ಅವಳಿಗೆ ಕಿಟಕಿ. ಅಕ್ಕ ವಾಕ್ಯವನ್ನು ಒಪ್ಪಿಸಿದಳು. ಮೇಷ್ಟರು ರೇಗಲಿಲ್ಲ. ನಿನ್ನೆಯೂ ನೀವೇ ಹೀಗೆ ಹೇಳಿದಿರಿ ತಾಯಿ, ನಿಮಗೆ ಬೇಜಾರಾಗುವುದಿಲ್ಲವೇ ಎಂದು ಮೆತ್ತಗೆ ಕೇಳಿದರು, ಅಷ್ಟೇ. ಅಕ್ಕ ಫೋನ್ ಇಟ್ಟಳು, ಊಟದ ಡಬ್ಬಿ ಎತ್ತಿಕೊಂಡಳು, ಮನೆಗೆ ಹೋದವಳು ಮತ್ತೆ ಆಫೀಸಿನ ಮೆಟ್ಟಿಲು ಹತ್ತಲಿಲ್ಲ.

ಸುಮ್ಮನೆ ಕೂತವಳೂ ಅಲ್ಲ. ಅವಳ ಬೀದಿಯಲ್ಲೇ ಒಬ್ಬ ರೇಡಿಯೋ ರಿಪೇರಿಯವನಿದ್ದ, ಹಳೇ ಕಾಲದ ಪ್ರಾಮಾಣಿಕ ಮನುಷ್ಯ, ಕಿವಿ ಸ್ವಲ್ಪ ದೂರ. ಅವನನ್ನು ಜೊತೆಗೆ ಹಾಕಿಕೊಂಡು ತನ್ನ ಮನೆಯ ತಾರಸಿಯ ಮೇಲೆ ಡಿಶ್ ನಿಲ್ಲಿಸಿ, ತನ್ನದೇ ಕೇಬಲ್ ಲೈನು ಶುರುಮಾಡಿದಳು. ನೆಂಟರಿಷ್ಟರು ಇವಳಿಗೆ ತಲೆ ಕೆಟ್ಟಿದೆ ಎಂದು ಮೂಗು ಮುರಿದರು. ಆದರೆ ಸುತ್ತಲಿನ ನಾಲ್ಕು ಬೀದಿಗಳವರು ಒಬ್ಬೊಬ್ಬರಾಗಿ ಅವಳ ಕಡೆಗೆ ಬಂದರು. ದೂರು ಕೊಟ್ಟ ದಿನವೇ ರಿಪೇರಿಯವನು ಬಾಗಿಲಿಗೆ ಬರುತ್ತಿದ್ದ. ಬರಲಾಗದಿದ್ದರೆ ಇವತ್ತು ಆಗುವುದಿಲ್ಲ, ನಾಳೆ ಬರುತ್ತಾನೆ ಎಂದು ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಜನರಿಗೆ ಅದೇ ದೊಡ್ಡ ವಿಷಯವಾಯಿತು. ಮೇಷ್ಟರ ಮನೆಗೆ ಮೊದಲ ತಂತಿ ಎಳೆಸಿದ್ದಳು.

ತಮ್ಮನನ್ನೂ ಕರೆದಳು. ರಿಪೇರಿಯವನಿಗೆ ವಯಸ್ಸಾಗಿದೆ, ಕಂಬ ಹತ್ತಲಾರ, ಪ್ರತಿ ಸಲ ಕೂಲಿ ಹುಡುಗರನ್ನು ಹತ್ತಿಸಬೇಕು, ನೀನು ಬಂದರೆ ಇದು ನಿಲ್ಲುತ್ತದೆ ಎಂದಳು. ಕಂಬಣ್ಣ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನೋಡೋಣ ಅಕ್ಕಾ ಎಂದ. ಅವನ ಹೆದರಿಕೆಗೆ ಕಾರಣವಿತ್ತು. ಹಿಂದೆ ಅವನ ಜೊತೆಯ ಲೈನ್‌ಮನ್ ಒಬ್ಬ ಮಾಲೀಕನ ಜೊತೆ ಜಗಳವಾಡಿ, ರಸ್ತೆ ದಾಟಿ ಆಚೆಯವನ ಹತ್ತಿರ ಕೆಲಸ ಕೇಳಿದ್ದ. ಹಾವಿನ ಶತ್ರು ಮುಂಗುಸಿ ತಾನೇ, ಅಪ್ಪಿಕೊಳ್ಳುತ್ತದೆ ಎಂದುಕೊಂಡಿದ್ದ. ಆಚೆಯ ಮಾಲೀಕ, ನಿನ್ನ ಹಳೇ ಧಣಿಯನ್ನು ಒಂದು ಮಾತು ಕೇಳಿ ಹೇಳುತ್ತೇನೆ ಎಂದನಂತೆ. ಆ ಲೈನ್‌ಮನ್ ಈಗ ಬಸ್ ನಿಲ್ದಾಣದಲ್ಲಿ ಮೊಬೈಲ್ ಕವರು ಮಾರುತ್ತಾನೆ. ಅಕ್ಕನ ಲೈನು ಮುಳುಗಿದರೆ ತನ್ನ ಗತಿಯೂ ಅದೇ ಎಂದು ಕಂಬಣ್ಣನಿಗೆ ಅನ್ನಿಸಿತು. ಮನೆಯಲ್ಲಿ ಹೆಂಡತಿಯಿದ್ದಳು, ಓದುವ ಮಗಳಿದ್ದಳು. ಅಕ್ಕ ಬಲವಂತ ಮಾಡಲಿಲ್ಲ. ಬಲವಂತ ಮಾಡಿದ್ದರೆ ಬಹುಶಃ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಮಾಲೀಕ ಅವನನ್ನು ಒಳಕೋಣೆಗೆ ಕರೆಸಿದ. ಬಾಗಿಲು ತಳ್ಳಿದ ಕಂಬಣ್ಣನ ಕಾಲು ಹೊಸ್ತಿಲಲ್ಲೇ ಕಚ್ಚಿಕೊಂಡಿತು. ಮೇಜಿನ ಈ ಬದಿ ಈಚೆಯ ಮಾಲೀಕ, ಆ ಬದಿ ಆಚೆಯ ಮಾಲೀಕ. ನಡುವೆ ಒಂದೇ ತಟ್ಟೆ, ತಟ್ಟೆಯಲ್ಲಿ ಬಿಸ್ಕತ್ತು. ಇಬ್ಬರೂ ಒಂದೇ ಸಲ ಕೈ ಹಾಕಿ, ನೀನು ತಗೋ, ಇಲ್ಲ ನೀನು ತಗೋ ಎನ್ನುತ್ತಿದ್ದರು. ಇಷ್ಟು ವರ್ಷ ಊರೆಲ್ಲ ದನಿ ತಗ್ಗಿಸಿ ಹೇಳಿದ ಹಗೆತನ ಇದೇ ಏನು ಎಂದು ಕಂಬಣ್ಣನಿಗೆ ನಗು ಬರಬೇಕಿತ್ತು. ಬರಲಿಲ್ಲ.

ಮಾಲೀಕ ಜೋರು ಮಾಡುವವನಲ್ಲ, ಬೆಣ್ಣೆಯಂಥ ಮಾತಿನವನು. ನಿನ್ನಕ್ಕನ ಮೇಲೆ ನಮಗೆ ಗೌರವವಿದೆ, ಹೆಣ್ಣೊಬ್ಬಳು ಇಷ್ಟು ಮಾಡಿದ್ದಾಳೆ, ಭೇಷ್ ಎಂದ. ಆಮೇಲೆ ವಿಷಯಕ್ಕೆ ಬಂದ.

"ಅಕ್ಕನ ಲೈನಲ್ಲಿ ಚಿತ್ರ ನೆಟ್ಟಗೆ ಬರಬಾರದು. ಪೂರ್ತಿ ಹೋಗಲೂಬಾರದು, ಹೋದರೆ ಹುಡುಕ್ತಾರೆ. ಬಂದು ಬಂದು ಹೋಗಬೇಕು. ಹೇಗೆ ಅಂತ ನಾನು ನಿನಗೆ ಹೇಳಿಕೊಡಬೇಕಾ?"

"ಅವಳು ನನ್ನಕ್ಕ, ಧಣಿ."

"ಅದಕ್ಕೇ ನೀನು. ಬೇರೆಯವರು ಅವಳ ಕಂಬ ಹತ್ತಿದರೆ ಜನ ಕೇಳ್ತಾರೆ. ನಿನ್ನ ಯಾರು ಕೇಳ್ತಾರೆ?"

ಮಾಲೀಕ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, "ಇಷ್ಟ ಇಲ್ಲ ಅಂದರೆ ಬೇಡಪ್ಪ. ಬೇರೆ ಕಡೆ ಕೆಲಸ ನೋಡಿಕೋ. ಇವರು ಇಲ್ಲೇ ಕೂತಿದಾರೆ, ಈಗಲೇ ಕೇಳು" ಎಂದ. ಆಚೆಯ ಮಾಲೀಕ ಕಂಬಣ್ಣನ ಕಡೆ ನೋಡಿ ಅಯ್ಯೋ ಪಾಪ ಎನ್ನುವ ಹಾಗೆ ತಲೆಯಾಡಿಸಿದ.

ಹೇಗೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೇಬಲ್ಲಿನ ನಡುವೆ ತಾಮ್ರದ ಕಡ್ಡಿ, ಅದರ ಸುತ್ತ ಬಿಳಿ ಬುರುಗು, ಬುರುಗಿನ ಮೇಲೆ ತಂತಿಯ ಜಾಲರಿ, ಎಲ್ಲದರ ಮೇಲೆ ಕರಿಯ ಹೊದಿಕೆ. ಒಂದು ಗುಂಡುಸೂಜಿಯನ್ನು ಹೊರಗಿನಿಂದ ಚುಚ್ಚಿ, ತುದಿ ತಾಮ್ರಕ್ಕೆ ತಾಗಿಯೂ ತಾಗದ ಹಾಗೆ ನಿಲ್ಲಿಸಿದರೆ ಸಾಕು. ಬಿಸಿಲಿಗೆ ತಂತಿ ಹಿಗ್ಗಿದರೆ ಚಿತ್ರ ಕೆಡುತ್ತದೆ, ತಣ್ಣಗಾದರೆ ಸರಿಹೋಗುತ್ತದೆ, ಗಾಳಿ ಬಂದರೆ ಮತ್ತೆ ಕೆಡುತ್ತದೆ. ರಿಪೇರಿಗೆ ಬಂದವನು ನಿಂತಷ್ಟು ಹೊತ್ತು ಎಲ್ಲವೂ ಚೆನ್ನಾಗಿರುತ್ತದೆ. ಹಳೇ ಲೈನ್‌ಮನ್‌ಗಳೆಲ್ಲ ಬಲ್ಲ, ಯಾರೂ ಬಾಯಿಬಿಡದ ಕೆಲಸ ಇದು. ಒರಟರು ಸೂಜಿಯನ್ನು ಹಾಗೇ ಬಿಟ್ಟು ಸಿಕ್ಕಿಬೀಳುತ್ತಾರೆ. ಕಂಬಣ್ಣ ಚುಚ್ಚಿದ ಮೇಲೆ ಸೂಜಿಯ ತಲೆಯನ್ನು ಕತ್ತರಿಯಿಂದ ತೆಗೆದು, ಉಳಿದದ್ದನ್ನು ಹೊದಿಕೆಯೊಳಕ್ಕೆ ಒತ್ತಿ, ಮೇಲೆ ಬೆರಳಿನಿಂದ ಉಜ್ಜಿ ಚುಚ್ಚಿದ ಗುರುತೂ ಕಾಣದಂತೆ ಮಾಡಿದ. ಕೆಟ್ಟ ಕೆಲಸವನ್ನು ಕೆಟ್ಟದಾಗಿ ಮಾಡಲಿಕ್ಕೂ ಅವನಿಗೆ ಬರುತ್ತಿರಲಿಲ್ಲ.

ದಿನಕ್ಕೊಂದು ಕಂಬದಂತೆ ಹಾಡಹಗಲಲ್ಲೇ ಮಾಡಿದ. ಅದೇ ಅವನನ್ನು ಹೆಚ್ಚು ಸುಟ್ಟದ್ದು. ಯಾರೂ ಯಾಕೆ ಹತ್ತಿದೆ ಎನ್ನಲಿಲ್ಲ. ಒಂದು ದಿನ ಮೂಲೆಮನೆಯಾಕೆ ಲೋಟದಲ್ಲಿ ನೀರು ತಂದುಕೊಟ್ಟು, ಅಂತೂ ಅಕ್ಕನ ಕೈ ಬಿಡಲಿಲ್ಲವಲ್ಲಪ್ಪ, ಒಡಹುಟ್ಟಿದವರು ಅಂದರೆ ಹೀಗಿರಬೇಕು ಎಂದಳು. ಕಂಬಣ್ಣ ನೀರು ಕುಡಿದು, ನಾನು ಬಂದದ್ದನ್ನು ಯಾರಿಗೂ ಹೇಳಬೇಡಿ, ಧಣಿಗೆ ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ ಎಂದ. ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದರೆ ಅವನಿಗೇ ತನ್ನ ಬಗ್ಗೆ ಹೇಸಿಗೆಯಾಯಿತು. ಲೋಟ ಹಿಂದಕ್ಕೆ ಕೊಡುವಾಗ ಆಕೆಯ ಮುಖ ನೋಡಲಿಲ್ಲ.

ಅಲ್ಲಿಂದ ಅಕ್ಕನ ಲೈನಿಗೆ ಗ್ರಹಚಾರ ಹಿಡಿಯಿತು. ಬೆಳಿಗ್ಗೆ ಕನ್ನಡಿಯ ಹಾಗಿದ್ದ ಚಿತ್ರ ಮಧ್ಯಾಹ್ನಕ್ಕೆ ಬೂದಿ ಎರಚಿದಂತಾಗುತ್ತಿತ್ತು. ರೇಡಿಯೋ ರಿಪೇರಿಯವನು ಬೀದಿಬೀದಿ ಸುತ್ತಿದ. ಹೊಸ ಜೋಡಣೆ ಹಾಕಿದ, ಡಿಶ್ಶಿನ ಮೂತಿ ಅತ್ತಿತ್ತ ತಿರುಗಿಸಿದ, ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಮತ್ತೆ ಮುಚ್ಚಿದ. ಎಲ್ಲಿ ಏನು ತಪ್ಪಿದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಜನ ಮೊದಲು ತಾಳ್ಮೆಯಿಂದಿದ್ದರು. ಅಕ್ಕನ ಮುಖ ನೋಡಿ ಇನ್ನೂ ಸ್ವಲ್ಪ ದಿನ ತಡೆದರು. ಆಮೇಲೆ, ಹೇಗಿದ್ದರೂ ಕೆಡುವ ಚಿತ್ರಕ್ಕೆ ಅವನಾದರೇನು ಇವಳಾದರೇನು ಎಂದು ಒಬ್ಬೊಬ್ಬರಾಗಿ ಈಚೆಯ ಮಾಲೀಕನಿಗೆ ಫೋನ್ ಮಾಡಿದರು. ಅವರ ಮನೆಗಳಿಗೆ ತಂತಿ ಎಳೆಯಲು ಹೋದವನು ಕಂಬಣ್ಣನೇ. ಆ ದಿನಗಳಲ್ಲಿ ಲೈನ್‌ಮನ್ ನಿಜವಾಗಿಯೂ ಹೊರಡುತ್ತಿದ್ದ.

ಒಂದು ಭಾನುವಾರ ಅಕ್ಕ ತಮ್ಮನ ಮನೆಗೆ ಬಂದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಲೈನಿನ ವಿಷಯದಲ್ಲಿ ಸಹಾಯ ಕೇಳುತ್ತಾಳೆಂದು ಕಂಬಣ್ಣ ಕಾದು ಕೂತ. ಅವಳು ಕೇಳಲಿಲ್ಲ. ತಮ್ಮನ ಹೆಂಡತಿಯ ಜೊತೆ ಅಡುಗೆಮನೆಯಲ್ಲಿ ಕೂತು, ರಿಪೇರಿಯವನು ಅಗ್ಗದ ಕೇಬಲ್ ತಂದು ತನ್ನ ತಲೆಗೆ ಕಟ್ಟಿದ್ದಾನೆ, ಬೇರೆ ಕಾರಣವೇ ಇಲ್ಲ, ಇಷ್ಟು ಜನರ ಎದುರು ತನ್ನ ಮಾನ ಕಳೆದ ಎಂದು ಹೇಳಿಕೊಂಡಳು. ಅವನಿಗೆ ಮುಖಕ್ಕೇ ಹೇಳಿಬಿಟ್ಟಳಂತೆ. ಆ ಮುದುಕ ಎದುರು ಮಾತಾಡಲಿಲ್ಲವಂತೆ, ತನ್ನ ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದನಂತೆ. ಹೊರಕೋಣೆಯಲ್ಲಿ ಕೂತ ಕಂಬಣ್ಣನಿಗೆ ಎಲ್ಲವೂ ಕೇಳಿಸಿತು. ಅವಳ ಗಿರಾಕಿಗಳು ಹೋದಾಗ ಅವನು ಹೇಗೋ ತಡೆದುಕೊಂಡಿದ್ದ. ಕಳ್ಳನಲ್ಲದ ಮುದುಕನಿಗೆ ಅಕ್ಕನ ಬಾಯಿಂದ ಕಳ್ಳನ ಹೆಸರು ಬಂತಲ್ಲ, ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಅವಳು ಯಾರಿಗೂ ಅನ್ಯಾಯದ ಮಾತು ಆಡಿದವಳಲ್ಲ. ಅವಳ ಬಾಯಿಂದ ಅದನ್ನೂ ಆಡಿಸಿದ್ದು ತಾನು.

ಮಾರನೆಯ ದಿನ ಬಿಸಿಲು ಇಳಿಯುವ ಹೊತ್ತಿಗೆ ಏಣಿ ಹೆಗಲಿಗೇರಿಸಿಕೊಂಡು ಹೊರಟ. ಎಲ್ಲವನ್ನೂ ಕಿತ್ತುಬಿಡುತ್ತೇನೆ, ಚಿತ್ರ ನೆಟ್ಟಗಾದರೆ ಹೋದವರು ವಾಪಸು ಬರುತ್ತಾರೆ, ಮುದುಕನನ್ನೂ ಅವಳೇ ಕರೆಯುತ್ತಾಳೆ ಎಂದುಕೊಂಡ. ತನ್ನ ಕೆಲಸದ ಯೋಚನೆ ಆಗ ಅವನಿಗೆ ಬರಲಿಲ್ಲ. ಬಂದಿದ್ದರೆ ಅರ್ಧ ದಾರಿಯಿಂದ ತಿರುಗಿಬಿಡುತ್ತಿದ್ದನೇನೋ.

ಕೀಳುವುದು ಚುಚ್ಚಿದಷ್ಟು ಸುಲಭವಾಗಿರಲಿಲ್ಲ. ತಲೆಯಿಲ್ಲದ ಸೂಜಿಯನ್ನು ಹಿಡಿಯುವುದು ಯಾವ ಕಡೆಯಿಂದ. ಕರಿಯ ಹೊದಿಕೆಯ ಮೇಲೆ ಉಗುರು ಆಡಿಸುತ್ತ, ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ತಡೆದಂತಾದರೆ ಅಲ್ಲಿ ಬ್ಲೇಡಿನಿಂದ ಬಿಡಿಸಿ, ಇಕ್ಕಳದಿಂದ ಎಳೆಯಬೇಕು. ಒಂದೊಂದಾಗಿ ಸಿಕ್ಕವು. ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತ ಬಂದ. ಅಕ್ಕನ ಮನೆಯ ಎದುರಿನ ಕಂಬಕ್ಕೆ ಬಂದಾಗ ಮಾತ್ರ ಬೆರಳು ಸೋತಿತು. ಈ ಕಂಬದ ತಂತಿಗೆ ಎರಡು ಹಾಕಿದ್ದು ಚೆನ್ನಾಗಿ ನೆನಪಿತ್ತು. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಸವರಿದ. ತಾನೇ ಮುಚ್ಚಿದ ಗುರುತು ತನಗೇ ಸಿಗಲಿಲ್ಲ. ಬೆವರು ಕಣ್ಣಿಗಿಳಿದು ಉರಿಯಿತು, ಏಣಿ ಒಂದಿಷ್ಟು ವಾಲಿದಂತಾಯಿತು, ಮರುಕ್ಷಣ ಗಟ್ಟಿಯಾಗಿ ನಿಂತಿತು. ಕೆಳಗೆ ನೋಡಿದ. ಅಕ್ಕ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತಿದ್ದಳು.

"ನೀನು ಬಂದು ಬಂದು ಲೈನ್ ನೋಡ್ತಿದ್ದದ್ದು ನನಗೆ ಗೊತ್ತು ಕಣೋ" ಎಂದಳು. ಮೂಲೆಮನೆಯಾಕೆ ಆವತ್ತೇ ಹೇಳಿದ್ದಳಂತೆ. ತಮ್ಮನ ಕೆಲಸಕ್ಕೆ ಕುತ್ತು ಬರುತ್ತದೆ, ಬೀದಿಯಲ್ಲಿ ಯಾರೂ ಬಾಯಿಬಿಡಬೇಡಿ ಎಂದು ಅಕ್ಕ ಮನೆಮನೆಗೆ ಹೋಗಿ ಕೈಮುಗಿದು ಬಂದಿದ್ದಳಂತೆ. ನಿನ್ನೆ ಮನೆಗೆ ಬಂದಾಗಲೂ ಹೆಂಡತಿ ಮಗಳ ಎದುರು ಬೇಡವೆಂದು ಆ ಮಾತು ಎತ್ತಲಿಲ್ಲವಂತೆ.

"ಇನ್ನು ಸಾಕು, ಇಳಿ. ಬೆಳಿಗ್ಗೆ ಹೋಗಿ ಲೈನನ್ನ ನಿನ್ನ ಧಣಿಗೇ ಕೊಟ್ಟುಬಿಟ್ಟೆ."

ಕಂಬಣ್ಣ ಕಂಬವನ್ನು ತಬ್ಬಿ ಹಿಡಿದ. ಅಕ್ಕ ತಲೆಯೆತ್ತಿ, ಅವನಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳುತ್ತ ಹೋದಳು. ಇನ್ನೂ ಸ್ವಲ್ಪ ದಿನ ಜಗ್ಗಾಡಬಹುದಿತ್ತು, ಮೇಷ್ಟರ ಮನೆಯವರೂ ಇನ್ನೊಂದಷ್ಟು ಜನರೂ ಬಿಟ್ಟುಹೋಗಿರಲಿಲ್ಲ. ಆದರೆ ದಿನಾ ಹೀಗೆ ಹಗಲಲ್ಲೇ ಕಂಬ ಹತ್ತಿದರೆ ಯಾವನಾದರೂ ಧಣಿಯ ಕಿವಿಗೆ ಹಾಕದೆ ಇರುತ್ತಾನೆಯೇ. ಈ ವಯಸ್ಸಿನಲ್ಲಿ ತಮ್ಮ ಬೀದಿಗೆ ಬಿದ್ದರೆ ತಾನು ಲೈನು ಇಟ್ಟುಕೊಂಡು ಮಾಡುವುದೇನು. ಅದಕ್ಕೇ ಅವರಾಗಿ ಕೇಳುವ ಮೊದಲೇ ಹೋಗಿ ಬಿಟ್ಟುಕೊಟ್ಟಳು. ಒಂದೇ ಒಂದು ಮಾತು ಕೇಳಿಕೊಂಡಳು.

"ನನ್ನ ತಮ್ಮ ಕದ್ದುಮುಚ್ಚಿ ನನಗೆ ಸಹಾಯ ಮಾಡಿದಾನೆ, ಅದನ್ನ ಮನಸ್ಸಲ್ಲಿಟ್ಟುಕೊಂಡು ಅವನನ್ನ ತೆಗೀಬೇಡಿ ಅಂದೆ. ಧಣಿ ನಕ್ಕ. ಆಚೆಯವನೂ ಅಲ್ಲೇ ಕೂತಿದ್ದ, ಅವನೂ ನಕ್ಕ. ಬಾಯಲ್ಲಿದ್ದ ಚಹಾ ಮೈಮೇಲೆ ಚೆಲ್ಲಿಕೊಳ್ಳೋ ಹಾಗೆ ನಕ್ಕರು. ಅಷ್ಟು ನಗೋದಕ್ಕೆ ಏನಿತ್ತೋ, ನನಗಂತೂ ತಿಳೀಲಿಲ್ಲ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೆಲಸವೂ ಉಳಿಯುತ್ತಿತ್ತು, ಅಕ್ಕನೂ ಉಳಿಯುತ್ತಿದ್ದಳು. ಸಾಯುವವರೆಗೂ ಅವಳು ನನ್ನ ತಮ್ಮ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಆದರೆ ಆ ಇಬ್ಬರು ಅವಳ ಮುಖದ ಮೇಲೆ ನಕ್ಕದ್ದು ಕಣ್ಣಿಗೆ ಕಟ್ಟಿ, ಸುಮ್ಮನಿರಲು ಅವನಿಂದ ಆಗಲಿಲ್ಲ. ಅವನು ಜೇಬಿನಲ್ಲಿದ್ದ ಸೂಜಿಯ ಚೂರುಗಳನ್ನು ಮುಷ್ಟಿಯಲ್ಲಿ ತೆಗೆದು, ಏಣಿಯ ಮೇಲಿಂದಲೇ ಬಗ್ಗಿ, ಕೈಯನ್ನು ಕೆಳಕ್ಕೆ ಚಾಚಿ ಬಿಚ್ಚಿದ.

"ಅವರು ನಕ್ಕಿದ್ದು ಇದಕ್ಕೆ ಅಕ್ಕಾ" ಎಂದ.

ಅಕ್ಕ ನೋಡಿದಳು. ವರ್ಷಗಟ್ಟಲೆ ಲೈನ್‌ಮನ್‌ಗಳ ಹರಟೆಯ ನಡುವೆ ಕೂತವಳು, ಅದೇನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕೈ ಬಿಟ್ಟುಹೋಗುತ್ತಾಳೆ, ಏಣಿ ಜಾರುತ್ತದೆ, ಜಾರಿದರೆ ಒಳ್ಳೆಯದೇ ಎಂದು ಕಂಬಣ್ಣನಿಗೆ ಅನ್ನಿಸಿತು. ಅವಳು ಬಿಡಲಿಲ್ಲ. ಇಳಿ ಎಂದಳು. ಅವನು ಒಂದೊಂದೇ ಮೆಟ್ಟಿಲು ಇಳಿದು, ಎರಡೂ ಕಾಲು ನೆಲಕ್ಕೆ ಊರುವವರೆಗೆ ಹಿಡಿದೇ ಇದ್ದಳು.

"ಆ ಮುದುಕನ ಮುಖಕ್ಕೆ ಏನೇನೆಂದೆ ನಾನು" ಎಂದಳು, ತನಗೆ ತಾನೇ.

"ಬೈಯಿ ಅಕ್ಕಾ. ಹೊಡಿ. ಇನ್ನು ಈ ಮನೆ ಹೊಸ್ತಿಲು ತುಳೀಬೇಡ ಅನ್ನು."

ಅಕ್ಕ ಅವನ ಮುಖವನ್ನು ಸರಿಯಾಗಿ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ. ಸಿಟ್ಟಿದ್ದರೆ ಒಂದು ದಿನ ಇಳಿದೀತು ಎಂಬ ಆಸೆಯಾದರೂ ಅವನಿಗೆ ಉಳಿಯುತ್ತಿತ್ತು.

"ಹಾಗಂದು ನಾನು ಎಲ್ಲಿಗೆ ಹೋಗಲಿ?" ಎಂದಳು. "ನನಗೇನು ಇನ್ನೊಬ್ಬ ತಮ್ಮ ಇದಾನಾ?"

ಕೈಗೆ ಹತ್ತಿದ ಏಣಿಯ ತುಕ್ಕನ್ನು ಒರೆಸಿಕೊಂಡು ರೇಡಿಯೋ ರಿಪೇರಿಯವನ ಮನೆಯ ಕಡೆ ನಡೆದಳು. ಕಂಬಣ್ಣ ಅವಳ ಹಿಂದೆ ನಾಲ್ಕು ಹೆಜ್ಜೆ ಹೋಗಿ ನಿಂತ. ಅವಳು ತಿರುಗಿ ನೋಡಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ.